ಕುಂಕಳ್ಳಿಯ ಬಾವಿ

ಕಾರವಾರದಿಂದ ಮಡಗಾಂವಿಗೆ ಬಸ್ಸಿನಲ್ಲಿ ಹೋಗುವವರಿಗೆ ಕಾಳಿ ಸೇತುವೆ ದಾಟಿ, ಮಾಜಾಳಿಯ ಗಡಿ ಕಳೆದು, ಕಾಣಕೋಣದ ಆಚೆಯ ಘಟ್ಟವನ್ನು ಹತ್ತಿಳಿದ ಮೇಲೆ ಬಾಳ್ಳಿ ಎಂಬ ಊರು ಸಿಗುತ್ತದೆ. ಅದನ್ನು ಬಿಟ್ಟರೆ ಮುಂದೆ ಬರುವುದು ಕುಂಕಳ್ಳಿ. ಆ ದಾರಿಯಲ್ಲಿ ನಾನು ಹಲವು ಸಲ ಹೋಗಿ ಬಂದವನು. ತೆಂಗಿನ ಮರಗಳು, ಕೆಂಪು ಹೆಂಚಿನ ಮನೆಗಳು, ಒಂದು ಪೇಟೆ, ಒಂದು ಇಗರ್ಜಿ: ಕಿಟಕಿಯಿಂದ ಕಂಡದ್ದು ಇಷ್ಟೇ. ನಾಲ್ಕು ಶತಮಾನಗಳ ಹಿಂದೆ ಆ ಊರಿನ ನೆಲದ ಮೇಲೆ ಒಂದು ಮಧ್ಯಾಹ್ನ ಚೆಲ್ಲಿದ ರಕ್ತದ ಕಥೆ ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದ ಮೇಲೆ ಆ ಊರನ್ನು ಬಸ್ಸಿನಿಂದ ಇಳಿಯದೆ ದಾಟಿಹೋಗುವುದು ನನಗೆ ಸಾಧ್ಯವಾಗಲಿಲ್ಲ.

ಧರ್ಮಕ್ಕಾಗಿ ಪ್ರಾಣ ಬಿಟ್ಟವರನ್ನು ನಾವು ಹುತಾತ್ಮರು ಎನ್ನುತ್ತೇವೆ. ಅದು ಯಜ್ಞಶಾಲೆಯಿಂದ ಬಂದ ಮಾತು; ತನ್ನನ್ನೇ ಆಹುತಿಯಾಗಿ ಅರ್ಪಿಸಿಕೊಂಡವನು ಎಂದು ಅದರ ಅರ್ಥ. ನಮ್ಮ ಕನ್ನಡ ಕ್ರೈಸ್ತರು ಇದೇ ಭಾವಕ್ಕೆ ರಕ್ತಸಾಕ್ಷಿ ಎಂಬ ಪದವನ್ನು ಬಳಸುತ್ತಾರೆ. ಗ್ರೀಕ್ ಭಾಷೆಯ ಮೂಲಪದಕ್ಕೆ ಸಾಕ್ಷಿ ಎಂಬುದೇ ಅರ್ಥವಾದ್ದರಿಂದ ಈ ಕನ್ನಡ ಪದ ಮೂಲಕ್ಕೆ ಹತ್ತಿರವಾಗಿದೆ. ಸಾಕ್ಷಿ ಎಂದೊಡನೆ ನ್ಯಾಯಸ್ಥಾನದ ನೆನಪು ಬರುತ್ತದೆ. ಅಲ್ಲಿ ಒಂದೇ ಪಕ್ಷದ ಸಾಕ್ಷಿಯನ್ನು ಕೇಳಿ ತೀರ್ಪು ಹೇಳುವ ಕ್ರಮವಿಲ್ಲ. ಕುಂಕಳ್ಳಿಯಲ್ಲಿ ಸತ್ತ ಕ್ರೈಸ್ತ ಧರ್ಮಪ್ರಚಾರಕರನ್ನು ನೆನೆಯುವಾಗಲೂ ಈ ಕ್ರಮವನ್ನು ಮರೆಯಬಾರದೆಂಬುದು ನನ್ನ ಅಭಿಪ್ರಾಯ. ಅಲ್ಲಿ ಸಾಕ್ಷಿಗಳು ಒಂದು ಗುಂಪಿನವರಲ್ಲ, ಮೂರು ಗುಂಪಿನವರು.

ಮೊದಲು ನೆಲದ ವಿಷಯ. ಗೋವೆಯ ದಕ್ಷಿಣಕ್ಕಿರುವ ಸಾಷ್ಟಿ ಎಂಬ ಸೀಮೆಗೆ ಆ ಹೆಸರು ಬಂದದ್ದು ಅದರಲ್ಲಿದ್ದ ಅರವತ್ತಾರು ಗ್ರಾಮಗಳಿಂದ ಎಂದು ಹೇಳುತ್ತಾರೆ. ಪೋರ್ಚುಗೀಸರು ಸಾಷ್ಟಿಯನ್ನು ಕಾದಾಡಿ ಗೆದ್ದದ್ದಲ್ಲ. ಅದು ನಮ್ಮ ಬಿಜಾಪುರದ ಸುಲ್ತಾನರಿಗೆ ಸೇರಿದ ಸೀಮೆಯಾಗಿತ್ತು. ಸಿಂಹಾಸನಕ್ಕೆ ಹಕ್ಕು ಹೇಳುತ್ತಿದ್ದ ಬಂಧುವೊಬ್ಬನನ್ನು ಪೋರ್ಚುಗೀಸರು ತಮ್ಮ ಕೈಯಲ್ಲಿಟ್ಟುಕೊಂಡು ಹೆದರಿಸುತ್ತಿದ್ದ ಕಾಲದಲ್ಲಿ, 1543ರಲ್ಲಿ, ಇಬ್ರಾಹಿಂ ಆದಿಲ್‌ಶಾಹನು ಬಾರ್ದೇಸ ಮತ್ತು ಸಾಷ್ಟಿಗಳನ್ನು ಅವರಿಗೆ ಬಿಟ್ಟುಕೊಟ್ಟ. ಅರಮನೆಯ ಜಗಳದಲ್ಲಿ ಹಳ್ಳಿಗಳು ಕೈ ಬದಲಾದವು. ಹಳ್ಳಿಯವರನ್ನು ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಕೇಳುವ ಪದ್ಧತಿಯೂ ಇರಲಿಲ್ಲ.

ಆ ಹಳ್ಳಿಗಳಲ್ಲಿ ಗಾಂವಕಾರಿ ಎಂಬ ಹಳೆಯ ವ್ಯವಸ್ಥೆಯಿತ್ತು. ಭೂಮಿ ಊರಿನದು, ಅದನ್ನು ನೋಡಿಕೊಳ್ಳುವವರು ಗಾಂವಕರರು, ಎಂದರೆ ಊರಿನ ಮೂಲ ಕುಲಗಳ ಹಿರಿಯರು. ಗದ್ದೆಯ ಹುಟ್ಟುವಳಿಯಿಂದಲೇ ದೇವಸ್ಥಾನದ ಪೂಜೆ, ಕೆರೆಕಟ್ಟೆಗಳ ದುರಸ್ತಿ, ಅರಸನ ಕಂದಾಯ ಎಲ್ಲವೂ ನಡೆಯಬೇಕು. ದೇವಸ್ಥಾನವೆಂದರೆ ಅಲ್ಲಿ ಪೂಜೆಯ ಸ್ಥಳ ಮಾತ್ರವಲ್ಲ. ಊರಿನ ಪಂಚಾಯತಿ ಕೂಡುವ ಚಾವಡಿಯೂ ಅದೇ, ಕುಲಗಳ ಸ್ಥಾನಮಾನ ಗೊತ್ತಾಗುವ ಜಾಗವೂ ಅದೇ. ಇದನ್ನು ತಿಳಿದಾಗ ಮಾತ್ರ ಮುಂದೆ ನಡೆದದ್ದರ ತೂಕ ನಮಗೆ ಗೊತ್ತಾಗುತ್ತದೆ. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನ, ಎಂದರೆ ಇಂಕ್ವಿಸಿಶನ್, ಸ್ಥಾಪನೆಯಾಯಿತು. ಸಾಷ್ಟಿಯಲ್ಲಿ ಮತಪ್ರಚಾರದ ಹೊಣೆ ಯೇಸುಸಭೆಗೆ, ಅಂದರೆ ಜೆಸ್ವಿಟ್ ಪಾದ್ರಿಗಳಿಗೆ ಬಂತು. 1567ರಲ್ಲಿ ರಾಚೋಲ್ ಕೋಟೆಯ ಪೋರ್ಚುಗೀಸ್ ನಾಯಕನ ಕೈಯಲ್ಲಿ ಸಾಷ್ಟಿಯ ನೂರಾರು ದೇವಸ್ಥಾನಗಳು ನೆಲಸಮವಾದವು. ಕೆಲವು ದೇವರುಗಳನ್ನು ಭಕ್ತರು ರಾತ್ರೋರಾತ್ರಿ ಹೊತ್ತುಕೊಂಡು, ಪೋರ್ಚುಗೀಸರ ಅಧಿಕಾರವಿಲ್ಲದ ಕಡೆಗೆ ಸಾಗಿಸಿದರು. ಜನರೂ ಹೋದರು. ಕೊಂಕಣಿಯನ್ನಾಡುವ ಎಷ್ಟೋ ಕುಟುಂಬಗಳು, ಹಿಂದೂಗಳೂ ಕ್ರೈಸ್ತರೂ, ನಾನಾ ಕಾರಣಗಳಿಗಾಗಿ ನಾನಾ ಕಾಲದಲ್ಲಿ ಗೋವೆಯನ್ನು ಬಿಟ್ಟು ನಮ್ಮ ಕನ್ನಡ ಕರಾವಳಿಗೆ ಬಂದು ನೆಲಸಿದವು. ಆ ದೊಡ್ಡ ವಲಸೆಯ ಬೇರುಗಳು ಈ ಕಾಲದ ಗೋವೆಯಲ್ಲಿವೆ.

ಸಾಷ್ಟಿಯ ಹೆಚ್ಚಿನ ಗ್ರಾಮಗಳು ಬಾಗಿದಾಗಲೂ ದಕ್ಷಿಣದಂಚಿನ ಐದು ಗ್ರಾಮಗಳು ಬಾಗಲಿಲ್ಲ: ಕುಂಕಳ್ಳಿ, ವೆರೋಡಾ, ಅಸೊಳ್ಣಾ, ವೇಳಿಂ, ಆಂಬೆಲಿಂ. ಅವುಗಳ ಮುಂದಾಳು ಕುಂಕಳ್ಳಿ. ಅವರು ಕಂದಾಯ ಕೊಡಲು ಒಪ್ಪಲಿಲ್ಲ. ಕೆಡವಿದ ಗುಡಿಗಳನ್ನು ಮತ್ತೆ ಕಟ್ಟಿಕೊಂಡರು. ಅವರನ್ನು ದಂಡಿಸಲು ಸೈನ್ಯ ಬಂತು, ಗುಡಿಗಳು ಮತ್ತೆ ಉರುಳಿದವು, ಮನೆಗಳಿಗೆ ಬೆಂಕಿ ಬಿತ್ತು. ನಮ್ಮ ಕಥೆ ನಡೆಯುವುದು ಆ ಬೂದಿ ಇನ್ನೂ ಆರದಿದ್ದ ಕಾಲದಲ್ಲಿ.

ಇನ್ನು ಸತ್ತ ಪಾದ್ರಿಗಳ ವಿಷಯ. ಅವರು ಐವರು. ಹಿರಿಯರು ರೊಡೋಲ್ಫೊ ಅಕ್ವಾವಿವಾ. ಇಟಲಿಯ ಆತ್ರಿ ಎಂಬಲ್ಲಿನ ದೊರೆಯ ಮನೆತನದಲ್ಲಿ 1550ರಲ್ಲಿ ಹುಟ್ಟಿದವರು. ಅವರ ಚಿಕ್ಕಪ್ಪ ಕ್ಲಾಡಿಯೊ ಅಕ್ವಾವಿವಾ ಯೇಸುಸಭೆಯ ಮಹಾಧ್ಯಕ್ಷರಾಗಿದ್ದರು. ನಮ್ಮ ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಪ್ರಸಿದ್ಧ ಕಾಲೇಜು ಯಾರ ಹೆಸರನ್ನು ಹೊತ್ತಿದೆಯೋ ಆ ಸಂತ ಅಲೋಶಿಯಸ್ ಗೊನ್ಜಾಗ ಇವರ ಬಂಧು. ಅರಮನೆಯ ಸುಖವನ್ನು ಬಿಟ್ಟು, ಹದಿನೇಳು ವರ್ಷದವರಿರುವಾಗಲೇ ಸಭೆಗೆ ಸೇರಿ, 1578ರಲ್ಲಿ ಅವರು ಗೋವೆಗೆ ಬಂದಿಳಿದರು.

ಮರುವರ್ಷವೇ ಅವರಿಗೊಂದು ಅಪೂರ್ವ ಅವಕಾಶ ಒದಗಿತು. ಅಕ್ಬರ ಬಾದಶಹನ ದೂತರು ಗೋವೆಗೆ ಬಂದು, ಕ್ರೈಸ್ತಧರ್ಮವನ್ನು ಬಲ್ಲ ಪಂಡಿತರನ್ನು ತನ್ನಲ್ಲಿಗೆ ಕಳುಹಿಸಬೇಕೆಂಬ ಅವನ ಕೋರಿಕೆಯನ್ನು ತಿಳಿಸಿದರು. ಅಕ್ವಾವಿವಾ, ಮಾನ್ಸೆರಾಟೆ, ಹೆನ್ರೀಕೆಸ್ ಎಂಬ ಮೂವರು ಹೊರಟು 1580ರ ಫೆಬ್ರವರಿ ಕೊನೆಯಲ್ಲಿ ಫತೇಪುರ ಸಿಕ್ರಿಯನ್ನು ಮುಟ್ಟಿದರು. ಆಂಟ್‌ವರ್ಪ್ ನಗರದಲ್ಲಿ ಅಚ್ಚಾದ ಬಹುಭಾಷೆಯ ಬೈಬಲ್ಲಿನ ಸಂಪುಟಗಳನ್ನು ಬಾದಶಹನಿಗೆ ಕಾಣಿಕೆ ಕೊಟ್ಟರು. ಅಕ್ಬರನು ಅವನ್ನು ಮುತ್ತಿಟ್ಟು ತಲೆಯ ಮೇಲಿರಿಸಿಕೊಂಡನಂತೆ. ಇಬಾದತ್‌ಖಾನೆಯ ಧರ್ಮಚರ್ಚೆಗಳಲ್ಲಿ ಅಕ್ವಾವಿವಾ ಪಾಲುಗೊಂಡರು. ಅದಕ್ಕಾಗಿ ಪಾರಸಿಯನ್ನು ಕಲಿತರು. ಅಬುಲ್ ಫಜಲನ ಅಕ್ಬರ್‌ನಾಮೆಯಲ್ಲಿ ‘ಪಾದ್ರಿ ರದೀಫ್’ ಎಂದು ಕಾಣಿಸಿಕೊಳ್ಳುವವರು ಇವರೇ. ಗ್ರಂಥ ಹಿಡಿದು ಬೆಂಕಿಯಲ್ಲಿ ನಡೆದು ಸತ್ಯವನ್ನು ಪರೀಕ್ಷಿಸೋಣ ಎಂಬ ಮಾತು ಅಲ್ಲಿ ಬಂದಾಗ ಅಕ್ವಾವಿವಾ ಒಪ್ಪಲಿಲ್ಲವೆಂದು ಜತೆಗಿದ್ದ ಮಾನ್ಸೆರಾಟೆ ಬರೆದಿದ್ದಾರೆ. ಪವಾಡ ಮಾಡೆಂದು ದೇವರನ್ನು ಒತ್ತಾಯಿಸುವುದು ಅವರಿಗೆ ಪಾಪವಾಗಿ ಕಂಡಿತು.

ಮೂರು ವರ್ಷಗಳ ಬಳಿಕ ಅವರು ಬರಿಗೈಯಲ್ಲಿ ಮರಳಿದರು. ಬಾದಶಹ ಮತಾಂತರಗೊಳ್ಳಲಿಲ್ಲ. ಹೊರಡುವಾಗ ಅವನು ಕೊಡಬಂದ ಸಂಪತ್ತನ್ನು ಅಕ್ವಾವಿವಾ ಮುಟ್ಟಲಿಲ್ಲ. ಅರಮನೆಯಲ್ಲಿ ಗುಲಾಮರಾಗಿದ್ದ ಒಂದು ಕ್ರೈಸ್ತ ಕುಟುಂಬದ ಬಿಡುಗಡೆಯನ್ನು ಮಾತ್ರ ಬೇಡಿ ಪಡೆದರು. ಈ ಒಂದು ಸಂಗತಿಯೇ ಸಾಕು, ಅವರು ಯಾವ ಮಟ್ಟದ ಮನುಷ್ಯರೆಂದು ತಿಳಿಯಲು. 1583ರಲ್ಲಿ ಗೋವೆಗೆ ಬಂದೊಡನೆ ಅವರಿಗೆ ಸಾಷ್ಟಿಯ ಪಾದ್ರಿಗಳ ಮೇಲ್ವಿಚಾರಣೆಯ ಹೊಣೆ ಬಂತು.

ಇಲ್ಲಿ ನಾವು ಒಂದು ಗಳಿಗೆ ನಿಲ್ಲಬೇಕು. ಫತೇಪುರ ಸಿಕ್ರಿಯಲ್ಲಿ ಅಕ್ವಾವಿವಾ ಬಂದದ್ದು ಅತಿಥಿಯಾಗಿ. ಅವರ ಹಿಂದೆ ಸೈನ್ಯವಿರಲಿಲ್ಲ, ಕೋಟೆಯಿರಲಿಲ್ಲ. ಅವರ ಮಾತು ಎಷ್ಟು ಗಟ್ಟಿಯೋ ಅಷ್ಟೇ ಅವರ ಬಲ. ಎದುರಾಳಿಗಳು ಕಟುವಾಗಿ ವಾದಿಸಿದರು, ಇವರೂ ವಾದಿಸಿದರು. ಯಾರೂ ಯಾರ ಗುಡಿಯನ್ನೂ ಮುಟ್ಟಲಿಲ್ಲ. ಕುಂಕಳ್ಳಿಗೆ ಬಂದಾಗ ಅದೇ ಮನುಷ್ಯ, ಅದೇ ಶ್ರದ್ಧೆ. ಆದರೆ ಹಿಂದೆ ನಿಂತ ನೆರಳು ಬೇರೆ. ಅವರನ್ನು ಕುಂಕಳ್ಳಿಯವರು ನೋಡಿದ್ದು ಆ ನೆರಳಿನ ಮೂಲಕ.

ಆ ನೆರಳನ್ನು ದಟ್ಟವಾಗಿಸಿದವರು ಅವರ ಸಂಗಡಿಗರಲ್ಲೇ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಸ್ಪೇನಿನ ಅಲ್ಫೋನ್ಸೊ ಪಶೆಕೊ ಮತ್ತು ಆಲ್ಪ್ಸ್ ಪರ್ವತದಡಿಯ ಅಸ್ಕೋನ ಎಂಬ ಊರಿನ ಪಿಯೆತ್ರೊ ಬೆರ್ನೊ, ಇಬ್ಬರೂ ಕುಂಕಳ್ಳಿಯ ಮೇಲೆ ಹೋದ ದಂಡಿನೊಂದಿಗೆ ಮುಂಚೆಯೇ ಅಲ್ಲಿಗೆ ಹೋಗಿದ್ದವರು. ಗುಡಿಗಳನ್ನು ಕೆಡವುವುದರಲ್ಲಿ ಕೈಜೋಡಿಸಿದವರು. ಬೆರ್ನೊ ಅವರು ಊರವರು ಪೂಜಿಸುತ್ತಿದ್ದ ಹುತ್ತವನ್ನು ಒಡೆದರು, ಒಂದು ಹಸುವನ್ನು ಕೊಂದರು. ಗೋವೆಯಲ್ಲಿ ಹುತ್ತವೆಂದರೆ ಸಾಂತೇರಿ, ಸಾಕ್ಷಾತ್ ಭೂಮಿತಾಯಿ. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ನಮಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಇವನ್ನೆಲ್ಲ ದಾಖಲಿಸಿದವರು ಪಾದ್ರಿಗಳ ವೈರಿಗಳಲ್ಲ, ಅವರ ಚರಿತ್ರೆಯನ್ನು ಭಕ್ತಿಯಿಂದ ಬರೆದ ಕ್ರೈಸ್ತ ಲೇಖಕರೇ. ಅವರಿಗೆ ಇದು ಅಪರಾಧವಾಗಿ ತೋರಲಿಲ್ಲ, ಉತ್ಸಾಹವಾಗಿ ತೋರಿತು. ಧರ್ಮಕ್ಕಾಗಿ ರಕ್ತ ಹರಿಯುವ ತನಕ ಕುಂಕಳ್ಳಿಯಲ್ಲಿ ಫಸಲು ಬಾರದೆಂದು ಬೆರ್ನೊ ಮತ್ತೆ ಮತ್ತೆ ಹೇಳುತ್ತಿದ್ದರಂತೆ. ಹರಿಯಬೇಕಾದ ರಕ್ತ ತನ್ನದೆಂದೇ ಅವರು ಬಗೆದಿದ್ದರು, ಇನ್ನೊಬ್ಬರದಲ್ಲ. ಈ ಭೇದವನ್ನೂ ನಾವು ಗಮನಿಸಬೇಕು.

ಉಳಿದಿಬ್ಬರಲ್ಲಿ ಅಂತೋನಿಯೊ ಫ್ರಾನ್ಸಿಸ್ಕೊ ಪೋರ್ಚುಗಲ್ಲಿನ ಕೊಯಿಂಬ್ರದವರು. ಪ್ರತಿದಿನವೂ ಪೂಜೆಯಲ್ಲಿ ರಕ್ತಸಾಕ್ಷಿಯ ಮರಣವನ್ನು ಬೇಡಿಕೊಳ್ಳುತ್ತಿದ್ದವರು. ಫ್ರಾನ್ಸಿಸ್ಕೊ ಅರಾನ್ಯ ದೀಕ್ಷೆ ಪಡೆದ ಪಾದ್ರಿಯಲ್ಲ, ಸಭೆಯ ಸಹೋದರರು. ಗೋವೆಯ ಮೊದಲ ಆರ್ಚ್‌ಬಿಷಪ್ಪರ ಬಂಧು. ನಕ್ಷೆ ಬರೆದು ಪ್ರಾರ್ಥನಾಮಂದಿರಗಳನ್ನು ಕಟ್ಟಿಸುವುದರಲ್ಲಿ ನಿಪುಣರು. ಐವರೂ ಮೂವತ್ತರ ಆಸುಪಾಸಿನವರು. ಕಾಲೇಜಿನಲ್ಲಿ ದೀರ್ಘಕಾಲ ಪಾಠ ಹೇಳಿದ ನನಗೆ ಆ ವಯಸ್ಸಿನವರ ಆವೇಶದ ಪರಿಚಯ ಚೆನ್ನಾಗಿದೆ. ತಾನು ನಂಬಿದ್ದೇ ಜಗತ್ತಿನ ಕೊನೆಯ ಸತ್ಯವೆಂದು ಅದಕ್ಕಾಗಿ ಏನನ್ನಾದರೂ ಕೊಡಲು ಸಿದ್ಧವಾಗುವ ವಯಸ್ಸು ಅದು. ಎದುರಿನವನಿಗೂ ಅಂಥದೇ ಒಂದು ಸತ್ಯವಿದೆಯೆಂಬುದು ತಟ್ಟನೆ ಹೊಳೆಯದ ವಯಸ್ಸೂ ಹೌದು.

1583ರ ಜುಲೈ ತಿಂಗಳು, ಮಳೆಗಾಲ. ಓರ್ಲಿಂ ಎಂಬ ಊರಿನ ಇಗರ್ಜಿಯಲ್ಲಿ ಐವರೂ ಸೇರಿದರು. ಕುಂಕಳ್ಳಿಯಲ್ಲಿ ಒಂದು ಶಿಲುಬೆಯನ್ನು ನೆಟ್ಟು ಇಗರ್ಜಿ ಕಟ್ಟಲು ಸ್ಥಳ ಗೊತ್ತುಮಾಡುವುದು ಅವರ ಉದ್ದೇಶ. ಅವರೊಂದಿಗೆ ಗೊನ್ಸಾಲೊ ರೊಡ್ರಿಗೆಸ್ ಎಂಬ ಪೋರ್ಚುಗೀಸ್ ಗೃಹಸ್ಥನೂ ಸ್ಥಳೀಯ ಕ್ರೈಸ್ತರೂ ಹೊರಟರು. ಅವರು ಬಂದ ಸುದ್ದಿ ತಿಳಿದು ಕುಂಕಳ್ಳಿಯ ಹಿರಿಯರು ಸಭೆ ಕೂಡಿದರು. ಆ ಸಭೆಯಲ್ಲಿ ಏನು ಮಾತು ನಡೆಯಿತೆಂದು ಬರೆದಿಟ್ಟವರಿಲ್ಲ. ಆದರೆ ಊಹಿಸುವುದು ಕಷ್ಟವಲ್ಲ. ಕೆಲವೇ ಸಮಯದ ಹಿಂದೆ ಗುಡಿ ಕೆಡವಲು ಬಂದಿದ್ದ ಮುಖಗಳೇ ಈಗ ಇಗರ್ಜಿಗೆ ಜಾಗ ಅಳೆಯಲು ಬಂದಿದ್ದವು.

ಕತ್ತಿ ಈಟಿಗಳನ್ನು ಹಿಡಿದು ಜನ ನುಗ್ಗಿಬಂದರು. ಗೊನ್ಸಾಲೊ ತನ್ನ ಕೋವಿಯನ್ನೆತ್ತಿ ಗುರಿಯಿಟ್ಟ. ಆಗ ಪಶೆಕೊ ಅವನನ್ನು ತಡೆದು, ತಾವು ಅಲ್ಲಿಗೆ ಬಂದದ್ದು ಕಾದಾಡುವುದಕ್ಕಲ್ಲವೆಂದು ಹೇಳಿ ಕೋವಿಯನ್ನು ಇಳಿಸುವಂತೆ ಮಾಡಿದರು. ಬಳಿಕ ಜನರತ್ತ ತಿರುಗಿ, ಅವರದೇ ಕೊಂಕಣಿ ಭಾಷೆಯಲ್ಲಿ, ಹೆದರಬೇಡಿರೆಂದು ನುಡಿದರು. ಜನ ನಿಲ್ಲಲಿಲ್ಲ. ಅಕ್ವಾವಿವಾ ಐದು ಏಟುಗಳಿಗೆ ಬಿದ್ದರು; ಕೊಲ್ಲುವವರನ್ನು ಕ್ಷಮಿಸೆಂದು ಪ್ರಾರ್ಥಿಸುತ್ತ ಪ್ರಾಣ ಬಿಟ್ಟರೆಂದು ಸಭೆಯ ದಾಖಲೆಗಳು ಹೇಳುತ್ತವೆ. ಪಶೆಕೊ, ಅಂತೋನಿಯೊ ಸತ್ತರು. ಬೆರ್ನೊ ಅವರ ಮೇಲೆ ಜನರ ಕೋಪ ಎಲ್ಲರಿಗಿಂತ ಹೆಚ್ಚಾಗಿತ್ತು. ಅವರ ದೇಹವನ್ನು ವಿಕಾರವಾಗಿ ಕೊಚ್ಚಿದರು. ಗಾಯಗೊಂಡು ಬಿದ್ದಿದ್ದ ಅರಾನ್ಯ ಮರುದಿನ ಜೀವಂತವಾಗಿ ಸಿಕ್ಕರು. ಮೂರ್ತಿಗೆ ತಲೆಬಾಗು ಎಂದರು; ಅವರು ಬಾಗಲಿಲ್ಲ. ಮರಕ್ಕೆ ಕಟ್ಟಿ ಬಾಣಗಳಿಂದ ಕೊಂದರು. ಹೆಣಗಳನ್ನು ಒಂದು ಬಾವಿಗೆ ಎಸೆದರು. ಎರಡೂವರೆ ದಿನಗಳ ಮೇಲೆ ಅವನ್ನು ಎತ್ತಿ ರಾಚೋಲಿನ ಇಗರ್ಜಿಯಲ್ಲಿ ಹೂಳಲಾಯಿತು.

ಐವರ ವಿಷಯ ಹೀಗಾಯಿತು. ಆದರೆ ಆ ದಿನ ಕುಂಕಳ್ಳಿಯಲ್ಲಿ ಸತ್ತವರು ಐವರಲ್ಲ, ಇಪ್ಪತ್ತು ಮಂದಿ. ಕೋವಿ ಇಳಿಸಿದ ಗೊನ್ಸಾಲೊ ಸತ್ತ. ಅವನೊಂದಿಗೆ ಹದಿನಾಲ್ಕು ಜನ ಸ್ಥಳೀಯ ಕ್ರೈಸ್ತರು ಸತ್ತರು. ಇವರಲ್ಲಿ ಇಬ್ಬರು ಹುಡುಗರು. ಡೊಮಿಂಗೊ ಎಂಬವನು ಕುಂಕಳ್ಳಿಯವನೇ, ರಾಚೋಲಿನಲ್ಲಿ ಓದುತ್ತಿದ್ದವನು. ಹಿಂದಿನ ದಂಡಯಾತ್ರೆಗಳಲ್ಲಿ ಊರಿನ ಗುಡಿಗಳು ಎಲ್ಲೆಲ್ಲಿವೆಯೆಂದು ಪಾದ್ರಿಗಳಿಗೆ ತೋರಿಸಿಕೊಟ್ಟವನು. ಅವನನ್ನು ಕೊಂದವನು ಅವನ ಸ್ವಂತ ಮಾವನೋ ಚಿಕ್ಕಪ್ಪನೋ, ಅಂತೂ ಮನೆಯವನೇ. ಇನ್ನೊಬ್ಬ ಅಲ್ಫೋನ್ಸೊ, ಪಶೆಕೊ ಅವರ ಪೂಜೆಗೆ ಸಹಾಯ ಮಾಡುತ್ತಿದ್ದ ಹುಡುಗ. ಗುರುಗಳ ಪ್ರಾರ್ಥನಾಗ್ರಂಥವನ್ನು ಹೊತ್ತು ಹಿಂದೆ ಬರುತ್ತಿದ್ದ. ಬಿಡೆಂದರೂ ಪುಸ್ತಕವನ್ನು ಬಿಡಲಿಲ್ಲ. ಅವನ ಕೈಗಳನ್ನು ಕಡಿದರು, ಓಡದಂತೆ ಮೊಣಕಾಲನ್ನು ಕಡಿದರು. ಆ ಸ್ಥಿತಿಯಲ್ಲಿ ಅವನು ಮರುದಿನದವರೆಗೆ ಬದುಕಿದ್ದ. ಆಮೇಲೆ ಅವನನ್ನೂ ಕೊಂದರು.

ಈ ಘಟನೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ್ದು ಈ ಹುಡುಗರ ಸಾವು. ಅಕ್ವಾವಿವಾ ಅವರಿಗೆ ರಕ್ತಸಾಕ್ಷಿಯಾಗುವುದೆಂದರೇನೆಂದು ಗೊತ್ತಿತ್ತು. ಅದಕ್ಕೆ ಅವರ ಮನಸ್ಸು ವರ್ಷಗಳಿಂದ ಹದವಾಗಿತ್ತು. ಪುಸ್ತಕ ಹೊತ್ತ ಹುಡುಗನಿಗೆ ಗೊತ್ತಿದ್ದದ್ದು ಗುರುವಿನ ಪುಸ್ತಕವನ್ನು ನೆಲಕ್ಕೆ ಹಾಕಬಾರದೆಂಬುದು. ಡೊಮಿಂಗೊನ ಕಥೆಯಂತೂ ಒಂದು ಮನೆ ನಡುವೆ ಸೀಳಿಹೋದ ಕಥೆ. ಹೊಸ ಧರ್ಮದ ಹುರುಪಿನಲ್ಲಿ ಅವನು ತನ್ನ ಊರಿನ ದೇವರನ್ನು ತೋರಿಸಿಕೊಟ್ಟ. ಹಳೆಯ ಧರ್ಮದ ಉರಿಯಲ್ಲಿ ಅವನ ಹಿರಿಯನು ಮನೆಯ ಮಗುವನ್ನೇ ಕಡಿದ. ಯಾರ ಮೇಲೆ ಎಷ್ಟು ತಪ್ಪು ಹೊರಿಸಿದರೂ ಆ ಹುಡುಗನ ಸಾವಿನ ಭಾರ ಇಳಿಯುವುದಿಲ್ಲ.

ಇವರಿಗೆ ಸಂದ ಗೌರವವೇನು? 1600ರಲ್ಲಿ ಐವರು ಧರ್ಮಪ್ರಚಾರಕರ ಮರಣದ ವಿಚಾರಣೆಯನ್ನು ಗೋವೆಯ ಆರ್ಚ್‌ಬಿಷಪ್ಪರು ಆರಂಭಿಸಿದಾಗ ಈ ಹದಿನೈದು ಜನರ ಹೆಸರುಗಳು ಅದರಲ್ಲಿ ಸೇರಲಿಲ್ಲ. ಕೆಲವರ ವಿಷಯದಲ್ಲಿ ಪುರಾವೆ ಸಾಲದು, ಉಳಿದಂತೆ ವಿವೇಕದ ದೃಷ್ಟಿಯಿಂದ ಬಿಡಲಾಯಿತು ಎಂದು ಚರಿತ್ರಕಾರರು ಕಾರಣ ಕೊಡುತ್ತಾರೆ. ಒಂದೇ ದಿನ, ಒಂದೇ ನೆಲದಲ್ಲಿ, ಒಂದೇ ನಂಬಿಕೆಗಾಗಿ ಸತ್ತವರಲ್ಲಿ ದೂರದಿಂದ ಬಂದವರು ಬಲಿಪೀಠವನ್ನೇರಿದರು; ಆ ನೆಲದಲ್ಲೇ ಹುಟ್ಟಿದವರು ಅಡಿಟಿಪ್ಪಣಿಯಾದರು. ಧರ್ಮಪ್ರಚಾರಕರ ತ್ಯಾಗವನ್ನು ಕುರಿತು ಮಾತಾಡುವಾಗ ಅವರ ಹಿಂದೆ ನಡೆದ ಈ ಸ್ಥಳೀಯರನ್ನು ಮರೆಯುವುದು ಕುಂಕಳ್ಳಿಯಲ್ಲಿ ಮಾತ್ರ ಆದ ತಪ್ಪಲ್ಲ.

ಮೂರನೆಯ ಗುಂಪಿನ ಸಾಕ್ಷಿಗಳು ಇನ್ನೂ ಉಳಿದಿದ್ದಾರೆ. ಪಾದ್ರಿಗಳ ಕೊಲೆಗೆ ಪೋರ್ಚುಗೀಸ್ ಸರಕಾರದ ಉತ್ತರ ಕ್ರೂರವಾಗಿತ್ತು. ಸೈನ್ಯ ಬಂದು ಹಳ್ಳಿಗಳನ್ನು ಸುಟ್ಟಿತು, ತೋಟಗಳನ್ನು ಹಾಳುಗೆಡವಿತು. ಕೊನೆಗೆ ಸಂಧಾನದ ಮಾತು ಆಡೋಣವೆಂದು ಗ್ರಾಮಗಳ ಹದಿನಾರು ಜನ ಗಾಂವಕರರನ್ನು ಅಸೊಳ್ಣಾ ಕೋಟೆಗೆ ಕರೆಸಲಾಯಿತು. ಅವರು ಮಾತನ್ನು ನಂಬಿ ಹೋದರು. ಕೋಟೆಯೊಳಗೆ ಅವರನ್ನು ವಿಚಾರಣೆಯಿಲ್ಲದೆ ಕೊಂದರು. ಒಬ್ಬನು ಮಾತ್ರ ಹೇಗೋ ತಪ್ಪಿಸಿಕೊಂಡು ನದಿಗೆ ಹಾರಿ ಪಾರಾದ. ಕಾರವಾರದ ಕಡೆಗೆ ಓಡಿ ಬದುಕಿಕೊಂಡನೆಂದು ಊರವರ ನೆನಪು ಹೇಳುತ್ತದೆ. ಊರಿನ ಭೂಮಿ ಗಾಂವಕರರ ಕೈಬಿಟ್ಟು ಹೊರಗಿನವರ ಪಾಲಾಯಿತು. ಆಯುಧ ಹಿಡಿದವನನ್ನು ಯುದ್ಧದಲ್ಲಿ ಕೊಲ್ಲುವುದು ಬೇರೆ. ಸಂಧಾನಕ್ಕೆ ಕರೆದು ಕೊಲ್ಲುವುದು ಬೇರೆ. ಕೋವಿಯನ್ನು ಇಳಿಸಿದ ಪಶೆಕೊ ಅವರ ಹೆಸರಿನಲ್ಲಿ ಇಂಥ ಸೇಡು ನಡೆಯಿತೆಂಬುದು ಈ ಕಥೆಯ ಅತ್ಯಂತ ದುಃಖದ ಭಾಗ. ಸತ್ತವರು ಕ್ಷಮೆಯನ್ನು ಬೇಡಿದ್ದರೆ ಅವರ ಪರವಾಗಿ ನಿಂತವರು ಆ ಕ್ಷಮೆಯನ್ನೇ ಮೊದಲು ಕೊಂದರು.

ಕುಂಕಳ್ಳಿಯವರ ದೇವತೆ ಶಾಂತಾದುರ್ಗೆ. ಅವಳನ್ನು ಭಕ್ತರು ಅಲ್ಲಿಂದ ಸಾಗಿಸಿ, ಹತ್ತಿರದಲ್ಲೇ ಇದ್ದರೂ ಪೋರ್ಚುಗೀಸರ ಎಲ್ಲೆಯ ಆಚೆಗಿದ್ದ ಫಾತರ್ಪಾ ಗ್ರಾಮದಲ್ಲಿ ನೆಲೆಗೊಳಿಸಿದರು. ಆ ಸೀಮೆ ಆಗ ಬಿಜಾಪುರದವರದು. ಮುಂದೆ ನಮ್ಮ ಸೋದೆ ಅರಸರ ಕೈಗೆ ಬಂತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಅದೂ ಪೋರ್ಚುಗೀಸರಿಗೆ ಸೇರುವ ಹೊತ್ತಿಗೆ ಗುಡಿ ಕೆಡವುವ ಕಾಲ ಮುಗಿದಿತ್ತು. ಫಾತರ್ಪಾದಲ್ಲಿದ್ದರೂ ಅವಳ ಹೆಸರು ಇಂದಿಗೂ ಕುಂಕಳ್ಳಿಕಾರೀಣಿ, ಕುಂಕಳ್ಳಿಯವಳು. ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ, ಶಿಗ್ಮೊ ಹಬ್ಬದ ಸಮಯದಲ್ಲಿ, ಹನ್ನೆರಡು ಕುಲಗಳ ಹನ್ನೆರಡು ಛತ್ರಿಗಳು ಗುಲಾಲಿನ ಮಳೆಯಲ್ಲಿ ಫಾತರ್ಪಾದಿಂದ ಕುಂಕಳ್ಳಿಗೆ ಮೆರವಣಿಗೆಯಲ್ಲಿ ಬರುತ್ತವೆ. ತವರಿಗೆ ಬರುವ ಮಗಳನ್ನು ಎದುರುಗೊಳ್ಳುವಂತೆ ಊರು ಎದುರುಗೊಳ್ಳುತ್ತದೆ. ಎದುರುಗೊಳ್ಳುವವರಲ್ಲಿ ಕ್ರೈಸ್ತರೂ ಇದ್ದಾರೆ. ಅವರೂ ಅವೇ ಕುಲಗಳ ಮಕ್ಕಳು. ಎಷ್ಟೋ ಮನೆಗಳಲ್ಲಿ ತಮ್ಮದು ಯಾವ ಕುಲವೆಂಬ ನೆನಪು ಇನ್ನೂ ಅಳಿದಿಲ್ಲ.

ಇತ್ತ ರೋಮಿನಲ್ಲಿ ವಿಚಾರಣೆ ಬಹಳ ನಿಧಾನವಾಗಿ ಸಾಗಿತು. ಧರ್ಮದ್ವೇಷದಿಂದಲೇ ಕೊಲ್ಲಲ್ಪಟ್ಟವನು ಮಾತ್ರ ರಕ್ತಸಾಕ್ಷಿ ಎಂಬುದು ಕ್ರೈಸ್ತಸಭೆಯ ನಿಯಮ. ಇಲ್ಲಿ ಜನರನ್ನು ಕೆರಳಿಸಿದ್ದು ಯೇಸುವಿನ ಧರ್ಮವೇ, ಅಥವಾ ತಮ್ಮ ಗುಡಿಗಳ ನಾಶವೇ? ನಮಗೆ ಏಳುವ ಪ್ರಶ್ನೆ ಇದು. ಐವರದು ರಕ್ತಸಾಕ್ಷಿಯ ಮರಣವೇ ಸರಿಯೆಂದು ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ 1741ರಲ್ಲಿ ನಿರ್ಣಯಿಸಿದರು. 1893ರ ಏಪ್ರಿಲ್ 16ರಂದು ಅವರನ್ನು ಪುನೀತರೆಂದು ಘೋಷಿಸಲಾಯಿತು. ಸಂತಪದವಿಗೆ ಅದು ಒಂದು ಮೆಟ್ಟಿಲು ಕೆಳಗಿನದು. ಅವರ ಅಸ್ಥಿಗಳು ರಾಚೋಲಿನಿಂದ 1597ರಲ್ಲಿ ಗೋವೆಯ ಸಂತ ಪೌಲರ ಕಾಲೇಜಿಗೂ, ಅಲ್ಲಿಂದ 1862ರಲ್ಲಿ ಹಳೆಗೋವೆಯ ಪ್ರಧಾನ ಇಗರ್ಜಿಗೂ ಹೋದವು. ಹೆಣಗಳು ಬಿದ್ದಿದ್ದ ಬಾವಿಯ ನೀರನ್ನು ರೋಗ ವಾಸಿಯಾಗಲೆಂದು ಜನ ಕೊಂಡೊಯ್ಯುತ್ತಿದ್ದರಂತೆ. ಗಾಂವಕರರ ನೆನಪಿಗಾದರೋ ಬಹುಕಾಲ ಕಲ್ಲೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಮಾತ್ರ ಅವರಿಗೊಂದು ಸ್ಮಾರಕ ಕುಂಕಳ್ಳಿಯಲ್ಲಿ ಎದ್ದಿತು. ಅದಕ್ಕಾಗಿ ಓಡಾಡಿದವರಲ್ಲಿ ಕ್ರೈಸ್ತರು ಮುಂದಿದ್ದರೆಂಬುದು ಕುಂಕಳ್ಳಿಗೆ ಭೂಷಣ.

ಒಂದು ಚಿಕ್ಕ ವಿಷಯವನ್ನು ಇಲ್ಲಿ ಹೇಳಬೇಕು. ಕ್ರೈಸ್ತಸಭೆಯ ಗ್ರಂಥಗಳು ಪಾದ್ರಿಗಳ ಮರಣದ ದಿನವನ್ನು 1583ರ ಜುಲೈ 25, ಸೋಮವಾರ ಎಂದು ಕೊಡುತ್ತವೆ. ಗಾಂವಕರರನ್ನು ನೆನೆಯುವವರು ಜುಲೈ 15 ಎನ್ನುತ್ತಾರೆ. ಯಾವುದು ಸರಿ? ಎರಡೂ ಸರಿ. 1582ರಲ್ಲಿ ಪೋಪ್ ಗ್ರೆಗೊರಿ ಹಳೆಯ ಪಂಚಾಂಗವನ್ನು ತಿದ್ದಿ ಹತ್ತು ದಿನಗಳನ್ನು ಬಿಟ್ಟುಬಿಟ್ಟರು. ಹಳೆಯ ಲೆಕ್ಕದ 15, ಹೊಸ ಲೆಕ್ಕದಲ್ಲಿ 25. ದಿನ ಒಂದೇ, ಅದನ್ನು ನೆನೆಯುವವರ ಪಂಚಾಂಗ ಎರಡು. ಇತಿಹಾಸದ ಎಷ್ಟೋ ಜಗಳಗಳು ಇಂಥವೇ ಎಂದು ನನಗೆ ಅನಿಸುತ್ತದೆ.

ಕನ್ನಡ ನಾಡಿನಲ್ಲಿ ತುರುಗಳನ್ನು ಬಿಡಿಸಹೋಗಿ ಸತ್ತವರಿಗೆ ವೀರಗಲ್ಲು ನಿಲ್ಲಿಸುವ ವಾಡಿಕೆಯಿತ್ತು. ತುರು ಹೊಡೆದೊಯ್ದ ಊರಿನಲ್ಲಿಯೂ ಸತ್ತವರಿಗೆ ಕಲ್ಲು ನಿಂತಿರುತ್ತಿತ್ತು. ಎರಡೂ ಊರಿನ ಕಲ್ಲುಗಳಲ್ಲಿ ಕೆಳಗಡೆ ಹೋರಾಟ, ಮೇಲುಗಡೆ ಅಪ್ಸರೆಯರು, ಅದಕ್ಕೂ ಮೇಲೆ ಕೈಲಾಸ. ಯಾವ ಊರಿನದು ನ್ಯಾಯವೆಂಬುದನ್ನು ಕೈಲಾಸದ ದೇವರು ಕೇಳಿದಂತೆ ಆ ಕಲ್ಲುಗಳಲ್ಲಿ ಕಾಣುವುದಿಲ್ಲ. ಆದರೆ ನಾವು ಮನುಷ್ಯರು. ನ್ಯಾಯ ಕೇಳದೆ ಇರಲಾರೆವು, ಇರಬಾರದು. ಗುಡಿಯನ್ನು ಕೆಡವಿದ್ದು ತಪ್ಪು. ಕೈಯಲ್ಲಿ ಆಯುಧವಿಲ್ಲದವರನ್ನು, ಅದರಲ್ಲೂ ಹುಡುಗರನ್ನು, ಕಡಿದದ್ದು ತಪ್ಪು. ಸಂಧಾನಕ್ಕೆ ಕರೆದು ಕೊಂದದ್ದು ಇನ್ನೂ ದೊಡ್ಡ ತಪ್ಪು. ಇವನ್ನು ಇದ್ದದ್ದು ಇದ್ದ ಹಾಗೆ ಹೇಳಿದ ಮೇಲೆ ಸತ್ತವರನ್ನು ಗೌರವಿಸಲು ನಮಗೆ ಅಡ್ಡಿಯಿರಬೇಕಾಗಿಲ್ಲ. ಹೇಳದೆ ಗೌರವಿಸಿದರೆ ಅದು ಗೌರವವಲ್ಲ, ಪಕ್ಷಪಾತ.

ಐವರು ಧರ್ಮಪ್ರಚಾರಕರಲ್ಲಿ ಯಾರನ್ನು ಹೆಚ್ಚಾಗಿ ನೆನೆಯುತ್ತೀರಿ ಎಂದು ನನ್ನನ್ನು ಕೇಳಿದರೆ, ಪಂಡಿತರಾದ ಅಕ್ವಾವಿವಾ ಅವರನ್ನಲ್ಲ, ಪಶೆಕೊ ಅವರನ್ನು ಎಂದು ಹೇಳುತ್ತೇನೆ. ಹಿಂದೆ ದಂಡಿನೊಂದಿಗೆ ಬಂದು ಗುಡಿ ಕೆಡವಿದ್ದವರು ಅವರೇ. ಆ ಮನುಷ್ಯನೇ ಕೊನೆಯ ಗಳಿಗೆಯಲ್ಲಿ, ತನ್ನ ಪ್ರಾಣವನ್ನು ಉಳಿಸಬಹುದಾಗಿದ್ದ ಕೋವಿಯನ್ನು ಕೈಯೊಡ್ಡಿ ತಡೆದರು. ಎದುರಿಗಿದ್ದವರೊಡನೆ ಅವರದೇ ಭಾಷೆಯಲ್ಲಿ ಮಾತಾಡಿದರು. ಆ ಗಳಿಗೆಯಲ್ಲಿ ಅವರ ಹಿಂದೆ ಸರಕಾರವಿರಲಿಲ್ಲ, ಕೋಟೆಯಿರಲಿಲ್ಲ. ಫತೇಪುರ ಸಿಕ್ರಿಯಲ್ಲಿ ಅಕ್ವಾವಿವಾ ಹೇಗೆ ನಿಂತಿದ್ದರೋ ಹಾಗೆ ಬರಿಯ ಮನುಷ್ಯರಾಗಿ ಅವರು ನಿಂತರು. ಅವರ ಸಾಕ್ಷಿ ನಿಜವಾದದ್ದು ಆಗ. ಅದು ಸ್ವಲ್ಪ ಮೊದಲೇ ಆಗಿದ್ದರೆ ಕುಂಕಳ್ಳಿಯ ಬಾವಿಗೆ ಬೇರೆ ಕಥೆಯಿರುತ್ತಿತ್ತು.

ನಾನು ಕುಂಕಳ್ಳಿಯಲ್ಲಿ ಇಳಿದ ದಿನವೂ ಮಳೆ ಬರುತ್ತಿತ್ತು. ಸ್ಮಾರಕವನ್ನು ನೋಡಿ ಮರಳಿ ಬಸ್ಸಿಗೆ ಕಾಯುತ್ತ ನಿಂತೆ. ಬಂದದ್ದು ಕಾರವಾರದ ಬಸ್ಸು. ಅಸೊಳ್ಣಾ ಕೋಟೆಯಿಂದ ತಪ್ಪಿಸಿಕೊಂಡವನು ಒದ್ದೆಬಟ್ಟೆಯಲ್ಲಿ, ಹಿಂದಿರುಗಿ ನೋಡುತ್ತ, ಇದೇ ದಿಕ್ಕಿಗೆ ಓಡಿದ್ದನಲ್ಲವೆ ಎಂದುಕೊಂಡೆ. ಅವನಿಗೆ ನಮ್ಮ ಕಡೆ ಯಾರೋ ಒಬ್ಬರು ಬಾಗಿಲು ತೆರೆದಿರಬೇಕು. ಹೆಸರು, ಕುಲ, ಧರ್ಮ ವಿಚಾರಿಸುವ ಮೊದಲು ಒಣಬಟ್ಟೆಯನ್ನೂ ಗಂಜಿಯನ್ನೂ ಕೊಟ್ಟಿರಬೇಕು. ಹಾಗೆಂದು ನಂಬಿ ನಾನು ಬಸ್ಸು ಹತ್ತಿದೆ.

(ಬಾನುಲಿ ಭಾಷಣದ ಬರಹರೂಪ)